ಮಲ್ಲಕ್ಕಿ ಬಿಟ್ಟ ಎಂಟಡಿ

ಹೆಸರು ಮ್ಯಾಲಕಿ ಟಿಯರ್ನಿ.
ಲೈನಿನವರ ಬಾಯಿಗೆ ಬಿದ್ದು ಮಲ್ಲಕ್ಕಿ ಆಯಿತು.
ರಾಗಿಯ ಸೀಮೆಯಿಂದ ಬಂದವರು ನಾವು,
ಅಕ್ಕಿ ಅಂದರೆ ಹಬ್ಬ;
ಅವನನ್ನು ಕೂಗುವಾಗೆಲ್ಲ
ಹೆಂಗಸರಿಗೆ ನಗು.

ಕಣ್ಣಾನೂರಿನ ದಂಡು ಬಿಟ್ಟು
ಪೆರುಂಬಾಡಿ ಘಟ್ಟ ಹತ್ತಿ
ಅಮ್ಮತ್ತಿಯ ತೋಟಕ್ಕೆ ಬಂದನಂತೆ:
ಒಂದು ಹಾರೆ, ಒಂದು ಕಂಬಳಿ, ಕುಂಟುವ ಎಡಗಾಲು.
ಬಿಳಿ ಚರ್ಮ ಕಂಡು ಮೇಸ್ತ್ರಿ ಎದ್ದು ಸಲಾಮು ಹೊಡೆದ.
ಹಾಜರಿಗೆ ಹೆಸರು ಬರೆಸುವ ಸಾಲಿನಲ್ಲೇ
ಅವನೂ ಬಂದು ನಿಂತಾಗ
ಹೊಡೆದ ಸಲಾಮನ್ನು ಎಲ್ಲಿಡುವುದೆಂದು ತಿಳಿಯದೆ
ತಲೆ ಕೆರೆದುಕೊಂಡ.

ಬಂಗಲೆಯ ಮೇಜಿಗೆ ಅವನನ್ನು ಕರೆಯಲಿಲ್ಲ.
ದೊರೆ ಇಂಗ್ಲೆಂಡಿನವನು, ಇವನು ಐರ್ಲೆಂಡಿನವನು.
ಆ ವ್ಯತ್ಯಾಸ ನಮಗೇನು ಗೊತ್ತು?
ದೊರೆಗೆ ಗೊತ್ತಿತ್ತು.
ನಮ್ಮ ಲೈನಿನಲ್ಲೂ ಜಾಗ ಸಿಗಲಿಲ್ಲ,
ಜಾತಿ ಯಾವುದೆಂದರೆ ಸುಮ್ಮನೆ ನಗುತ್ತಿದ್ದ.
ಪಲ್ಪರ್ ಮನೆಯ ಅಟ್ಟದಲ್ಲಿ
ಹುಳಿತ ಹಣ್ಣುಸಿಪ್ಪೆಯ ವಾಸನೆ ಹೊದ್ದು ಮಲಗಿದ,
ಇಪ್ಪತ್ತೆರಡು ವರ್ಷ.

ಇದೆಲ್ಲ ನನ್ನಜ್ಜಿಗೆ ಅವಳಜ್ಜಿ ಸಣ್ಣಕೆಂಪಿ ಹೇಳಿದ್ದು.
ದೊಡ್ಡ ಬರದ ವರ್ಷ ಪಿರಿಯಾಪಟ್ಟಣದಿಂದ
ಅಪ್ಪನ ಹೆಗಲೇರಿ ಬಂದವಳು, ಮೂಳೆಯ ಗೊಂಚಲು.
ಅವಳ ಹೊಟ್ಟೆಯನ್ನೇ ಬಹಳ ಹೊತ್ತು ನೋಡಿ
ಮಲ್ಲಕ್ಕಿ ತನ್ನ ಪಾಲಿನ ಮುದ್ದೆ ಮುರಿದಿಟ್ಟ,
ಉಳಿದರ್ಧ ಅಗಿಯುತ್ತ ಕೂತ.
‘ಅಗೀಬ್ಯಾಡ, ನುಂಗು’ ಅಂದಳಂತೆ ಏಳು ವರ್ಷದವಳು.
ಅವನು ಕಲಿತ ಮೊದಲ ಕನ್ನಡ ಅದೇ.

ಕಕ್ಕಡದ ಹದಿನೆಂಟಕ್ಕೆ ಐನ್‌ಮನೆಯ ಬೊಳ್ಳವ್ವ
ಮದ್ದುಸೊಪ್ಪಿನ ಪಾಯಸ ಕೊಟ್ಟಳು.
ಮರುಬೆಳಗು ಉಚ್ಚೆ ಕೆಂಪಗೆ ಹೋದದ್ದೇ
ಸುರಿವ ಮಳೆಯಲ್ಲಿ ಮಂಡಿಯೂರಿ
ತನ್ನ ದೇವರಿಗೆ ಎಲ್ಲ ಒಪ್ಪಿಸಿಬಿಟ್ಟ,
ಹುಡುಗನಾಗಿದ್ದಾಗ ಕದ್ದ ಬಾತುಕೋಳಿಯನ್ನೂ.
ಲೈನಿಗೆ ಲೈನೇ ಮೂರು ದಿನ ನಕ್ಕಿತು.

ಗೋಡೆ ಕಟ್ಟುವುದನ್ನು ಮಾತ್ರ
ಅವನಿಗೆ ಯಾರೂ ಕಲಿಸಬೇಕಿರಲಿಲ್ಲ.
ಗಾರೆಯಿಲ್ಲ, ಮಣ್ಣಿಲ್ಲ, ಕಲ್ಲಿನ ಮೇಲೆ ಕಲ್ಲು.
ಒಂದೊಂದನ್ನೂ ತಟ್ಟಿ, ಕಿವಿಗೊಟ್ಟು, ತಿರುಗಿಸಿ, ಕೂರಿಸಿ,
ಕಾಡಿನಂಚಿಗೆ, ಹಳೆಯ ಕಡಂಗದ ಗುಂಟ
ಅರ್ಧ ಮೈಲಿ.
ನಡುವೆ ಒಂದು ಕಡೆ ಎಂಟಡಿ ಬಿಟ್ಟ.

ಇದೇನು, ಅಂದ ದೊರೆ.
ಆನೆ, ಅಂದ.
ಆನೆ ಬಾರದಿರಲೆಂದೇ ಅಲ್ಲವೇನೋ ಗೋಡೆ?
‘ನಮ್ಮೂರಲ್ಲಿ ಗಂಜಿ ಕೊಟ್ಟು ಗೋಡೆ ಕಟ್ಟಿಸಿದರು,
ಬೋಳುಗುಡ್ಡದ ನೆತ್ತಿಗೆ. ಏನನ್ನೂ ತಡೆಯದ ಗೋಡೆ.
ಅಪ್ಪ ಕಲ್ಲು ಹೊತ್ತ. ನಾನು ಎಣಿಸಿದೆ.’
ಅದು ಉತ್ತರ ಅನಿಸಲಿಲ್ಲ.
ಎಂಟು ದಿನದ ಕೂಲಿ ಮುರಿದುಕೊಂಡರು,
ಅಡಿಗೊಂದು ದಿನ.

ಎಲೆರೋಗ ಬಂದ ವರ್ಷ
ಕಾಫಿ ಎಲೆಯ ಅಡಿಗೆ ಹೆಬ್ಬೆರಳೊರೆಸಿ
ಆ ಕಿತ್ತಳೆ ಪುಡಿಯನ್ನು ಮೂಸಿದ.
ಅಂದೇ ಸಂಜೆ ಗಂಟು ಕಟ್ಟಿದ.
ಅಮ್ಮತ್ತಿಯ ಕವಲಿನಲ್ಲಿ ರಾತ್ರಿಯೆಲ್ಲ ಕೂತಿದ್ದನಂತೆ,
ಒಂದು ದಾರಿ ವಿರಾಜಪೇಟೆಗೆ, ಒಂದು ಸಿದ್ದಾಪುರಕ್ಕೆ.
ಬೆಳಗಿನ ಹಾಜರಿಗೆ ಮತ್ತೆ ಬಂದು ನಿಂತ.
ಯಾಕೆ ಹೋದ? ಯಾಕೆ ಬಂದ?
ಅಜ್ಜಿ ಇಲ್ಲಿ ಎಲೆಗೆ ಸುಣ್ಣ ಸವರಲು ನಿಲ್ಲಿಸುತ್ತಿದ್ದಳು,
ಮತ್ತೆ ಆ ಮಾತಿಗೆ ಮರಳುತ್ತಿರಲಿಲ್ಲ.

ಎಲ್ಲಿ ಹೂತರೋ ಗುರುತಿಲ್ಲ.
ಇಗರ್ಜಿಯ ಪುಸ್ತಕದಲ್ಲಿ ಅವನಿಲ್ಲ,
ನಮ್ಮ ಗುಂಡಿಗಳ ಲೆಕ್ಕ ಯಾರೂ ಬರೆದಿಡಲಿಲ್ಲ.
ಈಗಿನ ಮ್ಯಾನೇಜರು ಆ ಎಂಟಡಿಗೆ
ಎರಡು ಸಲ ಸಿಮೆಂಟು ತುಂಬಿಸಿದರು;
ಎರಡು ಸಲವೂ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ
ಪುಡಿ, ಮತ್ತು ಬಿಸಿ ಲದ್ದಿ.
ಅತ್ತಿತ್ತಲಿನ ಒಣಕಲ್ಲು ಒಂದೂ ಅಲುಗಿಲ್ಲ.

ಈ ಸಲದ ಕುಯ್ಲಿಗೆ ಅಸ್ಸಾಮಿನಿಂದ ಬಂದ ಹುಡುಗ ಬೀರೇನ್
ಕೈಗೆ ಹತ್ತಿದ ಅಂಟು ತೊಳೆದು
ನನ್ನ ಜಗಲಿಯ ಮೇಲೆ ಮುದ್ದೆ ಅಗಿಯುತ್ತಿದ್ದಾನೆ,
ಹಲ್ಲಿಗೆ ಮೆತ್ತಿ, ಕಣ್ಣಲ್ಲಿ ನೀರು ತಂದುಕೊಂಡು.
ಹೇಳಲು ಬಾಯಿ ತೆರೆದೆ.
ಇರಲಿ,
ಇವತ್ತೊಂದು ದಿನ ಅಗಿಯಲಿ.